ರಕ್ತದಲ್ಲೇ ಬಂದದ್ದು ಅನ್ನುವ ಮೊದಲು

ವಿಜಯಪುರದಲ್ಲಿ ಈಗ ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ. "ಸಕ್ಕರಿ ಹಾಕಿದ್ದು ಕೊಡ್ಲೇನ್ರಿ, ಹಾಕಲಾರದ್ದು?" ವಯಸ್ಸಾದವರನ್ನಷ್ಟೇ ಅಲ್ಲ, ಮೂವತ್ತು ದಾಟಿದವರನ್ನೂ ಹೀಗೇ ಕೇಳುತ್ತಾರೆ. ಶುಗರ್ ಇದೆ ಅಂದರೆ ಮುಂದಿನ ಮಾತು ಏನು ಅಂತ ನನಗೆ ಮೊದಲೇ ಗೊತ್ತಿರುತ್ತದೆ. "ಹೌದಲ್ರಿ, ನಿಮ್ಮ ಅಪ್ಪಾರಿಗೂ ಇತ್ತು. ರಕ್ತದಾಗ ಬಂದದ್ದಕ್ಕ ಏನ್ ಮಾಡಾಕ ಆಗ್ತೈತಿ?" ಅಲ್ಲಿಗೆ ಮಾತು ಮುಗಿಯುತ್ತದೆ. ಹಣೆಬರಹದ ಜಾಗಕ್ಕೆ ಈಗ ರಕ್ತ ಬಂದು ಕೂತಿದೆ ಅಷ್ಟೇ.

ನಾನು ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮೆಂಡೆಲ್‌ನ ಬಟಾಣಿ, ಡಿಎನ್‌ಎ ಏಣಿ, ಇವೆಲ್ಲ ಪ್ರತಿ ವರ್ಷ ಬೋರ್ಡಿನ ಮೇಲೆ ಬರುತ್ತವೆ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ವಿಜ್ಞಾನ ಕಂಡುಕೊಂಡದ್ದರಲ್ಲಿ ನಮ್ಮ ಜಿಲ್ಲೆಗೆ ನೇರವಾಗಿ ಸಂಬಂಧಪಟ್ಟ ಒಂದು ವಿಷಯ ಇದೆ. ಅದು ಪಠ್ಯದಲ್ಲಿ ಎರಡು ಸಾಲು ಸಿಕ್ಕರೆ ಹೆಚ್ಚು. ಹಸಿವು, ಬರ, ಬಸಿರು, ಶುಗರ್, ಈ ನಾಲ್ಕೂ ಒಂದೇ ದಾರದಲ್ಲಿ ಪೋಣಿಸಿಕೊಂಡಿರುವ ವಿಷಯ ಅದು. ಅದನ್ನು ಸ್ವಲ್ಪ ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಅನಿಸಿತ್ತು.

ಮೊದಲು ರಕ್ತದ ಮಾತಿನಲ್ಲಿ ಎಷ್ಟು ನಿಜ ಇದೆ ನೋಡೋಣ. ಇದೆ, ಇಲ್ಲ ಅಂತಲ್ಲ. ಮನುಷ್ಯನ ಜಿನೋಮ್, ಅಂದರೆ ಅವನ ಪೂರ್ತಿ ಡಿಎನ್‌ಎ ಬರಹ, ಓದುವ ಕೆಲಸ 2003ರಲ್ಲಿ ಮುಗಿಯಿತು ಅಂತ ಘೋಷಿಸಿದರು. ಉಳಿದಿದ್ದ ಬಿಟ್ಟ ಜಾಗಗಳನ್ನೆಲ್ಲ ತುಂಬಿದ್ದು 2022ರಲ್ಲಿ. ಸುಮಾರು 300 ಕೋಟಿ ಅಕ್ಷರ, ಅದರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000 ಮಾತ್ರ. ಶುಗರ್‌ಗೆ ಕಾರಣವಾದ ಜೀನ್ ಯಾವುದು ಅಂತ ಹುಡುಕಲು ಹೋದವರಿಗೆ ಒಂದು ಜೀನ್ ಸಿಗಲೇ ಇಲ್ಲ. 2024ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ 25 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿ, ಶುಗರ್‌ಗೆ ಸಂಬಂಧ ಇರುವ 600ಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿತು. ಅವುಗಳಲ್ಲಿ ಹೆಚ್ಚಿನವು ಒಂದೊಂದಾಗಿ ಮಾಡುವ ಪರಿಣಾಮ ತೀರಾ ಸಣ್ಣದು. ನಮ್ಮ ದೇಶದ್ದೇ ಜಿನೋಮ್‌ಇಂಡಿಯಾ ಯೋಜನೆ ಬೇರೆ ಬೇರೆ ಸಮುದಾಯಗಳ 10,000 ಜನರ ಜಿನೋಮ್ ಓದಿ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿತು. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಅದನ್ನು ಮುನ್ನಡೆಸಿತು. ಇಷ್ಟು ದಿನ ಯುರೋಪಿನವರ ಜೀನ್ ನೋಡಿ ನಮ್ಮ ರೋಗ ಅಳೆಯುತ್ತಿದ್ದೆವು, ಇನ್ನು ಅದು ಬದಲಾಗಬಹುದು.

ಅಂದಹಾಗೆ, ರಕ್ತದ ಮಾತು ಪೂರ್ತಿ ನಿಜವಾಗುವ ಜಾಗವೂ ಒಂದಿದೆ. ಸೋದರಮಾವನಿಗೆ ಕೊಡುವ ಮದುವೆ. ಮಾವ ಮತ್ತು ಸೊಸೆಗೆ ಹುಟ್ಟಿದ ಮಗುವಿನಲ್ಲಿ, ಸರಾಸರಿ ಲೆಕ್ಕ ಹಿಡಿದರೆ, ಎಂಟರಲ್ಲಿ ಒಂದು ಭಾಗದಷ್ಟು ಜಿನೋಮ್‌ನ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುತ್ತದೆ. ಕೆಟ್ಟ ಪ್ರತಿ ಒಂದು ಇದ್ದರೆ ಅದು ಎರಡೂ ಕಡೆಯಿಂದ ಕೂಡಿಬಿಡುವ ಸಂಭವ ಜಾಸ್ತಿ. ಇದನ್ನು ಮನೆ ಮನೆಯಲ್ಲೂ ಹೇಳಬೇಕು. ಆದರೆ ಶುಗರ್ ಆ ಜಾತಿಯ ರೋಗ ಅಲ್ಲ.

ಯಾಕೆ ಅಂದರೆ ಜೀನ್ ಅಷ್ಟು ಬೇಗ ಬದಲಾಗುವುದಿಲ್ಲ. ನಮ್ಮ ಮುತ್ಯಾನ ಕಾಲಕ್ಕೂ ನನ್ನ ಕಾಲಕ್ಕೂ ನಡುವೆ ಐವತ್ತು ವರ್ಷ. ಅಷ್ಟರಲ್ಲಿ ಜೀನ್‌ಗಳು ಇದ್ದಲ್ಲೇ ಇವೆ. ಮುತ್ಯಾನ ವಾರಿಗೆಯವರಲ್ಲಿ ಶುಗರ್ ಅನ್ನುವ ಮಾತೇ ಅಪರೂಪ ಅಂತ ಮನೆಯ ಹಿರಿಯರು ಹೇಳುತ್ತಾರೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಭಾರತದ ಶುಗರ್ ಇರುವವರು 10.1 ಕೋಟಿ. ಬದಲಾದದ್ದು ಊಟ, ಕೆಲಸ, ನಡಿಗೆ. ಆಲಮಟ್ಟಿ ನೀರು ಬಂತು, ಕಬ್ಬು ಬಂತು, ಹೊಲಕ್ಕೆ ಬೈಕಿನ ಮೇಲೆ ಹೋಗುವುದು ಬಂತು, ಎರಡು ಹೊತ್ತು ಜೋಳದ ರೊಟ್ಟಿ ಇದ್ದಲ್ಲಿ ಒಂದು ಹೊತ್ತು ರೇಷನ್ ಅಕ್ಕಿ ಬಂತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಇಷ್ಟೇ ಆಗಿದ್ದರೆ ಹೊಟ್ಟೆ ತುಂಬ ತಿಂದು ದಪ್ಪ ಆದವರಿಗೆ ಮಾತ್ರ ಶುಗರ್ ಬರಬೇಕಿತ್ತು. ನಮ್ಮಲ್ಲಿ ಕಡ್ಡಿಯಂಥ ಮೈಯವರಿಗೂ ಬರುತ್ತದಲ್ಲ, ಅದು ಹೇಗೆ?

ಉತ್ತರ ಹುಡುಕಲು ಜೀನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡಬೇಕು. ನಮ್ಮ ಮೈಯ ಪ್ರತಿ ಕೋಶದಲ್ಲೂ, ಹೆಚ್ಚು ಕಡಿಮೆ, ಅದೇ ಡಿಎನ್‌ಎ ಇದೆ. ಕಣ್ಣಿನ ಕೋಶದಲ್ಲೂ ಇನ್ಸುಲಿನ್ ಜೀನ್ ಇದೆ, ಆದರೆ ಕಣ್ಣು ಇನ್ಸುಲಿನ್ ಮಾಡುವುದಿಲ್ಲ. ಹಳೆಯ ಮನೆಗಳಲ್ಲಿ ಹಗೇವು ಇರುತ್ತಿದ್ದವು ನೋಡಿ, ಅಂಗಳದಲ್ಲಿ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮನೆಯಲ್ಲಿ ಎಷ್ಟೇ ಹಗೇವು ಇರಲಿ, ಬಾಯಿ ತೆಗೆದ ಹಗೇವಿನ ಕಾಳು ಮಾತ್ರ ಬೀಸುವ ಕಲ್ಲಿಗೆ ಬರುತ್ತದೆ. ಜೀನ್‌ಗಳೂ ಹಾಗೇ. ಯಾವುದರ ಬಾಯಿ ತೆಗೆದಿದೆ, ಯಾವುದನ್ನು ಮೆತ್ತಿ ಮುಚ್ಚಿದೆ ಅನ್ನುವುದರ ಮೇಲೆ ಕೋಶದ ಕೆಲಸ ನಿಂತಿದೆ. ಮುಚ್ಚುವ ಒಂದು ವಿಧಾನ ಮೀಥೈಲ್ ಗುರುತು. ಒಂದು ಇಂಗಾಲ, ಮೂರು ಜಲಜನಕ, ಇಷ್ಟು ಸಣ್ಣ ಗುಂಪು ಡಿಎನ್‌ಎಯ ಸಿ ಅನ್ನುವ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅಕ್ಷರ ಬದಲಾಗುವುದಿಲ್ಲ. ಆದರೆ ಜೀನ್‌ನ ಶುರುವಿನಲ್ಲಿ ಇಂಥ ಗುರುತು ಜಾಸ್ತಿ ಆದರೆ ಸಾಮಾನ್ಯವಾಗಿ ಆ ಜೀನ್ ಸುಮ್ಮನಾಗುತ್ತದೆ. ಇನ್ನೊಂದು ವಿಧಾನ ಡಿಎನ್‌ಎ ದಾರವನ್ನು ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳ ಸುತ್ತ ಬಿಗಿಯಾಗಿ ಸುತ್ತಿಡುವುದು. ಒಂದು ಕೋಶದೊಳಗಿನ ಡಿಎನ್‌ಎಯನ್ನು ಎಳೆದು ಹಿಡಿದರೆ ಸುಮಾರು ಎರಡು ಮೀಟರ್ ಉದ್ದ, ಸುತ್ತಿಡದೆ ಗತಿ ಇಲ್ಲ. ಬಿಗಿಯಾಗಿ ಸುತ್ತಿದ ಕಡೆ ಓದಲು ಆಗುವುದಿಲ್ಲ. ಈ ಗುರುತುಗಳ ವಿಜ್ಞಾನವೇ ಎಪಿಜೆನೆಟಿಕ್ಸ್.

ಮುಚ್ಚಿದ್ದು ಹಾಗೇ ಕೊಳೆತು ಹೋಗುವುದಿಲ್ಲ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಒಂದಿದೆ. ಹೊಟ್ಟೆಯೊಳಗಿನ ಮಗುವಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ, ತಾಯಿಯ ರಕ್ತದಿಂದ ಆಮ್ಲಜನಕ ಎಳೆದುಕೊಳ್ಳಲು ಅದು ಬೇಕು. ಹುಟ್ಟಿದ ಕೆಲವು ತಿಂಗಳಲ್ಲಿ ಆ ಜೀನ್ ಮುಚ್ಚಿ, ದೊಡ್ಡವರ ಹಿಮೋಗ್ಲೋಬಿನ್‌ನ ಜೀನ್ ಮುಂದಕ್ಕೆ ಬರುತ್ತದೆ. ಮುಚ್ಚಿಡುವ ಕೆಲಸದಲ್ಲಿ ಬಿಸಿಎಲ್11ಎ ಅನ್ನುವ ಪ್ರೋಟೀನ್‌ನ ಪಾಲು ದೊಡ್ಡದು. ಕುಡಗೋಲು ಕಣ ರೋಗದವರಲ್ಲಿ ದೊಡ್ಡವರ ಹಿಮೋಗ್ಲೋಬಿನ್ ಕೆಟ್ಟಿರುತ್ತದೆ. ವಿಜ್ಞಾನಿಗಳು ಆ ಕೆಟ್ಟ ಜೀನ್ ರಿಪೇರಿಗೆ ಹೋಗಲಿಲ್ಲ. ರೋಗಿಯ ರಕ್ತ ಹುಟ್ಟಿಸುವ ಕೋಶಗಳನ್ನು ಹೊರಗೆ ತೆಗೆದು, ಕ್ರಿಸ್ಪರ್ ಅನ್ನುವ ಜೀನ್ ಕತ್ತರಿಯಿಂದ ಬಿಸಿಎಲ್11ಎಯ ಕೈ ಕಟ್ಟಿ, ಮತ್ತೆ ಮೈಗೆ ಸೇರಿಸಿದರು. ಕೂಸಿನ ಹಿಮೋಗ್ಲೋಬಿನ್ ಮತ್ತೆ ಬಂತು. ಕ್ಯಾಸ್ಜೆವಿ ಅನ್ನುವ ಈ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಒಪ್ಪಿಗೆ ಸಿಕ್ಕಾಗ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್ ಇತ್ತು. ಆ ರೋಗದ ಭಾರ ಹೊತ್ತಿರುವ ನಮ್ಮ ದೇಶದ ಆದಿವಾಸಿ ಕುಟುಂಬಗಳನ್ನು ನೆನೆದರೆ ಆ ಅಂಕಿ ಗಂಟಲಲ್ಲಿ ಇಳಿಯುವುದಿಲ್ಲ.

ಈಗ ಬರಕ್ಕೆ ಬರುತ್ತೇನೆ.

1944ರ ಚಳಿಗಾಲ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಜರ್ಮನ್ ಸೇನೆ ನೆದರ್ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಹೋಗುವುದನ್ನು ತಡೆಯಿತು. ನವೆಂಬರ್ ಕೊನೆಯ ಹೊತ್ತಿಗೆ ರೇಷನ್ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗೆ ಬಂತು. ಆಮೇಲೆ 400ರಿಂದ 800ರ ನಡುವೆ. ಜನ ಹೂವಿನ ಗಡ್ಡೆ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. 1945ರ ಮೇ ತಿಂಗಳಲ್ಲಿ ದೇಶ ಬಿಡುಗಡೆ ಆದ ಕೂಡಲೇ ಊಟ ಮತ್ತೆ ಸಿಕ್ಕಿತು. ವಿಜ್ಞಾನದ ಕಣ್ಣಿಗೆ ಇದು ಎಲ್ಲಕ್ಕಿಂತ ಬೇರೆಯಾದ ಬರ. ಶುರು ಯಾವಾಗ, ಕೊನೆ ಯಾವಾಗ ಅಂತ ತಿಂಗಳ ಲೆಕ್ಕದಲ್ಲಿ ಗೊತ್ತು. ಹೆರಿಗೆಯ ದಾಖಲೆಗಳು ಉಳಿದಿವೆ. ಯಾವ ಮಗು ಎಷ್ಟನೇ ತಿಂಗಳ ಬಸಿರಿನಲ್ಲಿ ಹಸಿವು ಕಂಡಿತು ಅಂತ ಹೇಳಬಹುದು.

ಆ ಮಕ್ಕಳು ಐವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿದರೆ, ಬಸಿರಿನಲ್ಲಿ ಬರ ಕಂಡವರ ಮೈಗೆ ಸಕ್ಕರೆ ಸಂಭಾಳಿಸುವ ಶಕ್ತಿ ಕಡಿಮೆ ಇತ್ತು. 2008ರಲ್ಲಿ ಇನ್ನೂ ಒಳಗೆ ಹೋಗಿ ನೋಡಿದರು. ಬರದ ಹೊತ್ತಿನಲ್ಲಿ ಗರ್ಭ ನಿಂತ 60 ಜನರನ್ನು ತಗೊಂಡು, ಅವರನ್ನು ಬೇರೆ ಯಾರ ಜೊತೆಗೂ ಅಲ್ಲ, ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿದರು. ಅದೇ ಅಪ್ಪ, ಅದೇ ಅವ್ವ, ಬರ ಮಾತ್ರ ಬೇರೆ. ಹೊಟ್ಟೆಯಲ್ಲಿ ಮಗು ಬೆಳೆಯಲು ಬೇಕಾದ ಐಜಿಎಫ್2 ಅನ್ನುವ ಜೀನ್‌ನ ಹತ್ತಿರ ಮೀಥೈಲ್ ಗುರುತು ಇವರಲ್ಲಿ ಸ್ವಲ್ಪ ಕಡಿಮೆ ಇತ್ತು. ಸ್ವಲ್ಪ ಅಂದರೆ ಸ್ವಲ್ಪವೇ, ಸುಮಾರು ನೂರಕ್ಕೆ ಐದರಷ್ಟು. ಆದರೆ ಆರು ದಶಕ ಕಳೆದ ಮೇಲೂ ಆ ವ್ಯತ್ಯಾಸ ಅಲ್ಲೇ ಇತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿವರ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಬರ ಕಂಡ ಮಕ್ಕಳು ಹುಟ್ಟುವಾಗ ತೂಕ ಕಡಿಮೆ ಇದ್ದರು, ಆದರೆ ಅವರಲ್ಲಿ ಈ ಗುರುತು ಬದಲಾಗಿರಲಿಲ್ಲ. ಗರ್ಭ ನಿಲ್ಲುವ ಹೊತ್ತಿಗೆ ಬರ ಕಂಡವರು ಹುಟ್ಟುವಾಗ ತೂಕದಲ್ಲಿ ಸರಿಯಾಗೇ ಇದ್ದರು, ಗುರುತು ಬದಲಾಗಿದ್ದು ಅವರಲ್ಲಿ. ಅಂದರೆ ತಕ್ಕಡಿಗೆ ಕಾಣದ್ದು ಒಳಗೆ ನಡೆದಿತ್ತು. ಅದೂ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸಿರಿ ಅಂತ ಗೊತ್ತಾಗುವ ಮೊದಲೇ.

2024ರಲ್ಲಿ ಉಕ್ರೇನಿನ ಲೆಕ್ಕ ಬಂತು. 1932-33ರ ಅಲ್ಲಿನ ಬರದ ಆಸುಪಾಸಿನಲ್ಲಿ ಹುಟ್ಟಿದ ಒಂದು ಕೋಟಿಗೂ ಹೆಚ್ಚು ಜನರ ಮಾಹಿತಿ ನೋಡಿದರು. ಬಸಿರಿನ ಮೊದಲ ತಿಂಗಳುಗಳಲ್ಲಿ ಘೋರ ಬರ ಕಂಡವರಿಗೆ ಮುಂದೆ ಶುಗರ್ ಬರುವ ಸಂಭವ ಎರಡು ಪಟ್ಟಿಗೂ ಜಾಸ್ತಿ. ಇಲ್ಲೂ ಅದೇ, ಮೊದಲ ತಿಂಗಳುಗಳು.

ಇದನ್ನೆಲ್ಲ ಓದುವಾಗ ನಮ್ಮ ಕಡೆಯವರಿಗೆ ಮೈ ಜುಂ ಅನ್ನದೇ ಇರುತ್ತದಾ? ನಮ್ಮ ಜಿಲ್ಲೆಯ ಇನ್ನೊಂದು ಹೆಸರೇ ಬರ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರದ ಬರ ಈ ಭಾಗವನ್ನು ಹಿಂಡಿ ಹಾಕಿತು, ಆಗ ಇದಕ್ಕೆ ಕಲಾದಗಿ ಜಿಲ್ಲೆ ಅಂತ ಹೆಸರು. ಅದು ಪುಸ್ತಕದಲ್ಲಿ ಓದಿದ್ದು. ಮನೆಯಲ್ಲಿ ಕೇಳಿದ್ದು ಎಪ್ಪತ್ತೆರಡರ ಬರ. ನಮ್ಮ ಆಯಿ ಆಗ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋಗುತ್ತಿದ್ದಳು, ನಮ್ಮ ಅವ್ವ ಅವಳ ಹೊಟ್ಟೆಯಲ್ಲಿದ್ದಳು. ಬಿಸಿಲಿಗೆ ಕಲ್ಲು ಕಾದು, ಕೂತರೆ ಸೀರೆಯೊಳಗಿನಿಂದ ಚುರುಗುಟ್ಟುತ್ತಿತ್ತಂತೆ. ಸೆರಗಿನಲ್ಲಿ ಒಂದು ರೊಟ್ಟಿ ಕಟ್ಟಿಕೊಂಡು ಹೋಗಿ, ಮಧ್ಯಾಹ್ನ ಅರ್ಧ ತಿಂದು, ಉಳಿದ ಅರ್ಧ ಮನೆಯಲ್ಲಿದ್ದ ದೊಡ್ಡ ಮಗನಿಗೆ ಅಂತ ಮತ್ತೆ ಗಂಟು ಕಟ್ಟುತ್ತಿದ್ದಳು. "ಹೊಟ್ಟ್ಯಾಗಿನ ಕೂಸಿಗೆ ನೀರ ಕುಡಿಸಿ ಬೆಳಸೀನಿ" ಅಂತ ಅನ್ನುತ್ತಿದ್ದಳು.

ಇಲ್ಲಿ ಒಂದು ಸಂಗತಿ ಹೇಳಬೇಕು. ಹೆಣ್ಣು ಮಗುವಿನ ಅಂಡಾಣುಗಳು ಅದು ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯೊಳಗೇ ತಯಾರಾಗುತ್ತವೆ. ಬಸಿರಿನ ಐದನೇ ತಿಂಗಳ ಹೊತ್ತಿಗೆ ಅವುಗಳ ಸಂಖ್ಯೆ 60-70 ಲಕ್ಷ, ಆಮೇಲೆ ಕಡಿಮೆ ಆಗುತ್ತಾ ಬರುತ್ತದೆ. ಅಂದರೆ ನನ್ನನ್ನು ಹುಟ್ಟಿಸಿದ ಅಂಡಾಣು, ಎಪ್ಪತ್ತೆರಡರ ಬರದಲ್ಲಿ ಖಡಿ ಒಡೆಯುತ್ತಿದ್ದ ಆಯಿಯ ಹೊಟ್ಟೆಯೊಳಗಿನ ಅವ್ವನ ಹೊಟ್ಟೆಯಲ್ಲಿ ತಯಾರಾಯಿತು. ಮೂರು ತಲೆಮಾರು ಒಂದೇ ಹಸಿವಿನಲ್ಲಿ. ಇದು ಕಲ್ಪನೆ ಅಲ್ಲ, ಶರೀರಶಾಸ್ತ್ರ.

ಹಾಗಾದರೆ ಆಯಿಯ ಹಸಿವು ನನ್ನ ಡಿಎನ್‌ಎ ಮೇಲೆ ಬರೆದಿದೆಯಾ? ಈಗ ಎಲ್ಲ ಕಡೆ ಇಂಥ ಮಾತು ಓಡಾಡುತ್ತಿದೆ, ಅಜ್ಜಿಯ ನೋವು ಮೊಮ್ಮಗಳ ಜೀನ್‌ನಲ್ಲಿ, ಪೂರ್ವಜರ ದುಃಖ ನಮ್ಮ ಕೋಶದಲ್ಲಿ ಅಂತ. ಕೇಳಲು ಹಿತವಾಗಿದೆ, ಹಂಚಿಕೊಳ್ಳಲು ಇನ್ನೂ ಹಿತ. ನನ್ನ ಅಭಿಪ್ರಾಯ ಖಡಕ್ಕಾಗಿ ಹೇಳುತ್ತೇನೆ. ಇಷ್ಟು ದೂರ ಹೋಗಲು ವಿಜ್ಞಾನ ಇನ್ನೂ ದಾರಿ ಕೊಟ್ಟಿಲ್ಲ. ಅಂಡಾಣು, ವೀರ್ಯಾಣು ತಯಾರಾಗುವಾಗ ಒಮ್ಮೆ, ಗರ್ಭ ನಿಂತ ಮೇಲೆ ಮತ್ತೊಮ್ಮೆ, ಹೆಚ್ಚಿನ ಮೀಥೈಲ್ ಗುರುತುಗಳು ಅಳಿಸಿ ಹೋಗುತ್ತವೆ. ಕೆಲವು ಮಾತ್ರ ತಪ್ಪಿಸಿಕೊಂಡು ಉಳಿಯುತ್ತವೆ. ಹಿಟ್ಲರ್‌ನ ಯಹೂದಿ ಹತ್ಯಾಕಾಂಡದಿಂದ ಬದುಕಿ ಉಳಿದ 32 ಜನರನ್ನೂ ಅವರ ಮಕ್ಕಳನ್ನೂ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ ಬಹಳ ಸುದ್ದಿ ಆಯಿತು, ಆದರೆ ಅಷ್ಟು ಸಣ್ಣ ಗುಂಪಿನಿಂದ ಅಷ್ಟು ದೊಡ್ಡ ಮಾತು ಆಡಬಾರದು ಅಂತ ಬೇರೆ ವಿಜ್ಞಾನಿಗಳು ಆಕ್ಷೇಪಿಸಿದರು. ಗಿಡಗಳಲ್ಲಿ, ಹುಳುಗಳಲ್ಲಿ ಇಂಥ ಗುರುತು ಹಲವು ತಲೆಮಾರು ದಾಟಿದ್ದು ಸಾಬೀತಾಗಿದೆ. ಮನುಷ್ಯರಲ್ಲಿ ಗಟ್ಟಿಯಾಗಿ ನಿಂತಿರುವುದು ತಾಯಿಯ ಹೊಟ್ಟೆಯಲ್ಲಿ ನೇರವಾಗಿ ಹಸಿವು ಕಂಡ ಮಗುವಿನ ಕಥೆ. ನನಗೆ ಅಷ್ಟೇ ಸಾಕು. ಅದನ್ನೇ ನಾವು ಇನ್ನೂ ಕಿವಿಗೆ ಹಾಕಿಕೊಂಡಿಲ್ಲ. ಜೊತೆಗೆ, ಡಿಎನ್‌ಎ ಜಾಗೃತ ಮಾಡುತ್ತೇವೆ ಅಂತ ಆನ್‌ಲೈನ್‌ನಲ್ಲಿ ಶಿಬಿರ ನಡೆಸಿ ದುಡ್ಡು ಕೀಳುವವರಿದ್ದಾರೆ, ದಯವಿಟ್ಟು ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗ ಆ ಕಡ್ಡಿ ಮೈಯವರ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರು ನಮ್ಮಿಂದ ಬಹಳ ದೂರ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೊ ಬಂತು. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಈ ಫೋಟೊದ ಕಥೆ ಹೇಳುತ್ತೇನೆ, ಹುಡುಗರು ತಮ್ಮ ತಮ್ಮ ತೋಳು ಮುಟ್ಟಿ ನೋಡಿಕೊಳ್ಳುತ್ತಾರೆ.

ಈ ಒಳಕೊಬ್ಬು ದೊಡ್ಡವರಾದ ಮೇಲೆ ಬಂದದ್ದಲ್ಲ ಅಂತ ತೋರಿಸಿದ್ದೂ ಯಾಜ್ಞಿಕ್ ತಂಡವೇ. 1993ರ ಸುಮಾರಿಗೆ ಪುಣೆ ಹತ್ತಿರದ ಆರು ಹಳ್ಳಿಗಳ ಹೆಣ್ಣುಮಕ್ಕಳನ್ನು ಬಸಿರಿಗೆ ಮೊದಲಿನಿಂದಲೇ ನೋಡಲು ಶುರು ಮಾಡಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದ್ದು ಸುಮಾರು 3.5. ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಸಣ್ಣವು, ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ, ಅಲ್ಲಿ 1934ರಿಂದ ಕೂಸುಗಳ ತೂಕ ಬರೆದಿಟ್ಟಿದ್ದರು. ಆ ಹಳೆಯ ದಫ್ತರ ಹಿಡಿದು, ದೊಡ್ಡವರಾದ ಆ ಮಕ್ಕಳನ್ನು ಮೈಸೂರಿನಲ್ಲೇ ಹುಡುಕಿ ನೋಡಿದಾಗ, ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಯಾವುದೋ ನರ್ಸ್ ತನ್ನ ಪಾಡಿಗೆ ಬರೆದಿಟ್ಟ ತೂಕ ಅರವತ್ತು ವರ್ಷದ ನಂತರ ಇಷ್ಟು ದೊಡ್ಡ ಸಾಕ್ಷಿ ಆಯಿತು.

ಹೋದ ವರ್ಷ ನಮ್ಮ ವೈನಿಗೆ ಹೆರಿಗೆ ಆಯಿತು. ತಕ್ಕಡಿಯಲ್ಲಿ ಕೂಸನ್ನು ಇಟ್ಟರು, 2.4 ಅಂತ ಕೆಂಪು ಅಂಕಿ ಬಂತು. ಕೂಸು ಕಾಲು ಝಾಡಿಸಿದಾಗ ಅಂಕಿ ಮೇಲೆ ಕೆಳಗೆ ಆಗಿ, ಮತ್ತೆ 2.4ಕ್ಕೇ ನಿಂತಿತು. "ಕೂಸು ಸಣ್ಣದಾದ್ರೂ ಮಾರಿ ಮ್ಯಾಲೆ ಕಳಿ ಐತಿ, ದಿನಾ ಎಣ್ಣಿ ಹಚ್ಚಿ ಎರದರ ತುಂಬಿಕೊಂತೈತಿ" ಅಂದರು ನಮ್ಮ ದೊಡ್ಡವ್ವ. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಈಗ ಗುಂಡು ಗುಂಡಾಗಿದೆ, ಮನೆಯವರಿಗೆಲ್ಲ ಖುಷಿ. ಸಣ್ಣದಾಗಿ ಹುಟ್ಟಿ ಆಮೇಲೆ ಬಹಳ ಬೇಗ ದಪ್ಪ ಆಗುವುದು ಅಷ್ಟು ಒಳ್ಳೆಯದಲ್ಲ ಅಂತ ಈ ಅಧ್ಯಯನಗಳು ಹೇಳುತ್ತವೆ. ನಾನು ಹಾಗಂತ ಬಿಸ್ಕಿಟು, ಸೆರೆಲ್ಯಾಕು ಜಾಸ್ತಿ ಬೇಡ ಅಂತಷ್ಟೇ ಹೇಳಿದೆ, ವೈನಿ ಕೇಳಿದಳು.

ಪುಣೆಯ ಆ ಹಳ್ಳಿಗಳಿಂದ ಬಂದ ಇನ್ನೊಂದು ಸಂಗತಿ ನಮ್ಮ ತಾಟಿಗೇ ಸಂಬಂಧಪಟ್ಟದ್ದು. ಮೀಥೈಲ್ ಗುರುತು ಗಾಳಿಯಿಂದ ಬರುವುದಿಲ್ಲ, ಊಟದಿಂದ ಬರಬೇಕು. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಅದನ್ನು ಹೊತ್ತು ತರುತ್ತದೆ. ಬಿ12 ಅದನ್ನು ಇಸಿದುಕೊಂಡು ಮುಂದಕ್ಕೆ ದಾಟಿಸುತ್ತದೆ. ಬಿ12 ಇಲ್ಲದಿದ್ದರೆ ಫೋಲೇಟ್ ಎಷ್ಟಿದ್ದರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. 2003ರಲ್ಲಿ ಅಮೆರಿಕದಲ್ಲಿ ಬಸಿರಿ ಇಲಿಗಳಿಗೆ ಫೋಲಿಕ್ ಆಸಿಡ್, ಬಿ12, ಕೋಲೀನ್, ಬೀಟೈನ್ ಕೊಟ್ಟಾಗ, ಹಳದಿ ಬಣ್ಣದ ಬದಲು ಕಂದು ಬಣ್ಣದ ಮರಿಗಳು ಜಾಸ್ತಿ ಹುಟ್ಟಿದವು. ಜೀನ್ ಒಂದಕ್ಷರವೂ ಬದಲಾಗಿರಲಿಲ್ಲ, ಗುರುತು ಬದಲಾಗಿತ್ತು. ಆ ಹಳದಿ ಇಲಿಗಳು ದೊಡ್ಡವಾದಂತೆ ದಪ್ಪ ಆಗುವ ಜಾತಿ. ಪುಣೆಯಲ್ಲಿ ಕಂಡದ್ದು ಏನು? ತಾಯಂದಿರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಬಿ12 ಕಡಿಮೆ. ಫೋಲೇಟ್ ಜಾಸ್ತಿ, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಎಲ್ಲರಿಗಿಂತ ಹೆಚ್ಚು.

ನಮ್ಮ ಊಟ ನೋಡಿ. ಜೋಳದ ರೊಟ್ಟಿ, ಹೆಸರುಕಾಳು, ಪುಂಡಿ ಪಲ್ಯ, ಶೇಂಗಾ ಚಟ್ನಿ. ಒಳ್ಳೆಯ ಊಟ, ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಫೋಲೇಟ್‌ಗೆ ಅಂಥ ಕೊರತೆ ಇರಬೇಕಾಗಿಲ್ಲ. ಆದರೆ ಬಿ12 ಬರುವುದು ಹಾಲು, ಮೊಸರು, ಮೊಟ್ಟೆ, ಮಾಂಸದಿಂದ ಮಾತ್ರ. ನಮ್ಮಂಥ ಎಷ್ಟೋ ಮನೆಗಳಲ್ಲಿ ಮಾಂಸ, ಮೊಟ್ಟೆ ಇಲ್ಲ. ಹಾಲು ಡೈರಿಗೆ, ಗಟ್ಟಿ ಮೊಸರು ಗಂಡಸರ ತಾಟಿಗೆ, ಸೊಸೆಗೆ ನೀರು ಮಜ್ಜಿಗೆ. ಅವಳು ಉಣ್ಣುವುದು ಎಲ್ಲರದೂ ಆದ ಮೇಲೆ. ಬಸಿರಿ ಆದ ಮೇಲಾದರೂ ಸರಿಯಾಗಿ ಉಣ್ಣುತ್ತಾಳಾ ಅಂದರೆ, ಕೂಸು ದೊಡ್ಡದಾದರೆ ಹೆರಿಗೆ ಕಷ್ಟ ಅಂತ ಊಟ ಕಡಿಮೆ ಮಾಡಿಸುವ ಮನೆಗಳು ಇವತ್ತಿಗೂ ಇವೆ. ಹೆರಿಗೆ ಆದ ಮೇಲೆ ಅಂಟಿನುಂಡಿ, ಕೊಬ್ಬರಿ, ತುಪ್ಪ, ಏನೂ ಕಡಿಮೆ ಮಾಡುವುದಿಲ್ಲ. ಕುಬಸದ ದಿನ ಹೋಳಿಗೆ, ಕಡಬು, ಐದು ಬಗೆ ಪಲ್ಯ ಉಣ್ಣಿಸುತ್ತಾರೆ. ಪ್ರೀತಿಗೆ ಕೊರತೆ ಇಲ್ಲ. ಆದರೆ ಆ ಪ್ರೀತಿಯೆಲ್ಲ ಬರುವ ಹೊತ್ತಿಗೆ ಆ ಮೊದಲ ವಾರಗಳು ಕಳೆದೇ ಹೋಗಿರುತ್ತವೆ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಸರ್ಕಾರದ ಯೋಜನೆಯೂ ಇದೇ ಹಾದಿಯಲ್ಲಿದೆ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಬಂತು. ಅಂಗನವಾಡಿಯಲ್ಲಿ ಬಸಿರಿ, ಬಾಣಂತಿಯರಿಗೆ ಬಿಸಿಯೂಟ, ಹಾಲು, ಮೊಟ್ಟೆ. ಬಹಳ ಒಳ್ಳೆಯ ಕೆಲಸ, ಉಳಿಯಲೇಬೇಕು. ಆದರೆ ಅದು ಶುರುವಾಗುವುದು ಹೆಸರು ಬರೆಸಿದ ಮೇಲೆ. ಮುಟ್ಟು ನಿಂತು, ಅತ್ತೆಗೆ ಹೇಳಿ, ಆಶಾ ಕಾರ್ಯಕರ್ತೆ ಬಂದು, ತಾಯಿ ಕಾರ್ಡ್ ಕೈಗೆ ಬರುವ ಹೊತ್ತಿಗೆ ಎರಡು ಮೂರು ತಿಂಗಳು ಆಗಿರುತ್ತದೆ. ನೆದರ್ಲ್ಯಾಂಡ್ಸ್‌ನಲ್ಲಿ, ಉಕ್ರೇನ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಆ ಹೊತ್ತಿನಲ್ಲೇ.

ಮೊದಲೇ ಊಟ ಕೊಟ್ಟರೆ ಏನಾಗುತ್ತದೆ ಅಂತ ಮುಂಬೈಯಲ್ಲಿ ನೋಡಿದ್ದಾರೆ. 2006ರಿಂದ ಅಲ್ಲಿನ ಕೊಳೆಗೇರಿಗಳ ಸಾವಿರಾರು ಹೆಣ್ಣುಮಕ್ಕಳಿಗೆ ಬಸಿರಿಗೆ ಮೊದಲೇ ದಿನಾ ಒಂದು ತಿಂಡಿ ಕೊಟ್ಟರು. ಅರ್ಧ ಜನರಿಗೆ ಹಸಿರು ಸೊಪ್ಪು, ಹಣ್ಣು, ಹಾಲು ಹಾಕಿದ್ದು. ಉಳಿದವರಿಗೆ ಆಲೂಗಡ್ಡೆ, ಉಳ್ಳಾಗಡ್ಡಿಯಂಥದ್ದು. ಎಲ್ಲರನ್ನೂ ಒಟ್ಟು ಲೆಕ್ಕ ಹಿಡಿದಾಗ ಕೂಸುಗಳ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೆ ಗರ್ಭ ನಿಲ್ಲುವ ಮೂರು ತಿಂಗಳು ಮೊದಲಿನಿಂದ ತಿಂದವರ ಕೂಸುಗಳು ಸರಾಸರಿ 48 ಗ್ರಾಂ ಜಾಸ್ತಿ ಇದ್ದವು, ಅದೂ ತೀರಾ ತೆಳ್ಳಗಿರದ ತಾಯಂದಿರಲ್ಲಿ ಹೆಚ್ಚು. ಬಸಿರಿನಲ್ಲಿ ಶುಗರ್ ಕಾಣಿಸಿಕೊಂಡವರು ಆಲೂಗಡ್ಡೆ ಗುಂಪಿನಲ್ಲಿ ಶೇಕಡಾ 12.4 ಇದ್ದರೆ, ಸೊಪ್ಪಿನ ಗುಂಪಿನಲ್ಲಿ 7.3. ಪವಾಡ ಏನಲ್ಲ. ಆದರೆ ಒಂದು ಮುಷ್ಟಿ ಸೊಪ್ಪು, ಸ್ವಲ್ಪ ಹಾಲಿನಿಂದ ಇಷ್ಟು ಆಗುತ್ತದೆ ಅಂದರೆ ನನಗೆ ಅದು ಸಣ್ಣ ಸಂಗತಿ ಅನಿಸುವುದಿಲ್ಲ.

ಇದನ್ನೆಲ್ಲ ಹೇಳುವಾಗ ನನಗೆ ಒಂದು ಭಯ ಇದೆ. ಮಗುವಿಗೆ ಏನೇ ಆದರೂ ಅವ್ವನನ್ನೇ ಬೈಯುವುದು ನಮ್ಮ ಅಭ್ಯಾಸ, ಅದಕ್ಕೆ ಈ ವಿಜ್ಞಾನ ಇನ್ನೊಂದು ಕೋಲು ಆಗಬಾರದು. ಆಯಿ ಎಪ್ಪತ್ತೆರಡರಲ್ಲಿ ಅರ್ಧ ರೊಟ್ಟಿ ತಿಂದದ್ದು ಅವಳ ತಪ್ಪಾ? ಅಪ್ಪಂದಿರ ಪಾಲೂ ಇದರಲ್ಲಿ ಇದೆ. 2016ರಲ್ಲಿ ಬಂದ ಇಲಿಗಳ ಅಧ್ಯಯನದಲ್ಲಿ, ಜಿಡ್ಡು ತಿಂದ ಗಂಡು ಇಲಿಯ ವೀರ್ಯಾಣುವಿನ ಸಣ್ಣ ಆರ್‌ಎನ್‌ಎ ತುಣುಕುಗಳೇ ಮರಿಗಳ ಸಕ್ಕರೆ ಲೆಕ್ಕ ಕೆಡಿಸಿದವು. ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಗಟ್ಟಿ ಮೊಸರು ಯಾರ ತಾಟಿಗೆ ಬೀಳುತ್ತದೆ, ಇದು ಇಡೀ ಮನೆಯ ತೀರ್ಮಾನ. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಮಾತು ನಡೆಯುವುದು ಹೊಸ ಸೊಸೆಯದು.

ಬಾಲ್ಯವಿವಾಹದ ವಿಷಯದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ರಾಜ್ಯದಲ್ಲಿ ಮುಂದೆ ಇವೆ, ಹೇಳಲು ನಾಚಿಕೆ ಆಗುತ್ತದೆ. ಹದಿನಾರು ಹದಿನೇಳಕ್ಕೆ ಬಸಿರಾದ ಹುಡುಗಿಯ ಮೈ ಇನ್ನೂ ತಾನೇ ಬೆಳೆಯುತ್ತಿರುತ್ತದೆ. ಇದ್ದ ಒಂದು ರೊಟ್ಟಿಗೆ ಅವಳೂ ಕೂಸೂ ಇಬ್ಬರೂ ಕಾಯಬೇಕು. ನನ್ನ ಕ್ಲಾಸಿನಿಂದ ದೀಪಾವಳಿ ರಜೆಗೆ ಅಂತ ಹೋಗಿ ಮರಳಿ ಬಾರದ ಹುಡುಗಿಯರಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಮುಂದೆ ಬರೀ ಗೈರು.

ಉಳಿದವರ ಜೊತೆ ಮಾಡಬಹುದಾದ ಕೆಲಸ ಇದೆ. ಹದಿಹರೆಯದವರಿಗೆ ಅಂತ ವಾರಕ್ಕೊಂದು ನೀಲಿ ಗುಳಿಗೆ ಬರುತ್ತದೆ, ಕಬ್ಬಿಣ ಮತ್ತು ಫೋಲಿಕ್ ಆಸಿಡ್. ಎಷ್ಟೋ ಮಂದಿ ಬಾಯಲ್ಲಿಟ್ಟುಕೊಂಡು ಹಿಂದಿನ ಗೋಡೆ ಹತ್ತಿರ ಉಗುಳುತ್ತಾರೆ, ಮಳೆ ಬಂದಾಗ ಅಲ್ಲಿ ನೀಲಿ ಕಲೆ ಕಾಣುತ್ತದೆ. ಹೊಟ್ಟೆ ತೊಳಸುತ್ತದೆ ಅನ್ನುವುದು ಅವರ ದೂರು, ಅದು ಸುಳ್ಳೂ ಅಲ್ಲ. ಖಾಲಿ ಹೊಟ್ಟೆಗೆ ಕೊಟ್ಟರೆ ಹಾಗೇ ಆಗುತ್ತದೆ. ಅದಕ್ಕೆ ಈಗ ಮಧ್ಯಾಹ್ನ ಡಬ್ಬಿ ಉಂಡ ಮೇಲೆ, ಲಿಂಬೆಹಣ್ಣು ಹಿಂಡಿದ ನೀರಿನ ಜೊತೆ ಕೊಡುತ್ತಿದ್ದೇವೆ. ಇಂಡಿ ಲಿಂಬೆ ಇರುವ ಜಿಲ್ಲೆಯಲ್ಲಿ ಅದಕ್ಕೇನು ಬರ. ಲಿಂಬೆಯ ಹುಳಿ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಲು, ಚಹಾ ಆ ಹೊತ್ತಿಗೆ ಬೇಡ, ಅವು ಕಬ್ಬಿಣವನ್ನು ತಡೆಯುತ್ತವೆ. ಮೊಸರು ರಾತ್ರಿ ಊಟಕ್ಕೆ, ನೀರು ಹಾಕದ್ದು, ಒಂದು ಬಟ್ಟಲು. ಮೊಟ್ಟೆ ತಿನ್ನುವ ಮನೆಯವರಾದರೆ ಮೊಟ್ಟೆ.

ಬಿ12 ಮಾತ್ರ ಈ ಗುಳಿಗೆಯಲ್ಲಿ ಇಲ್ಲ. ಪುಣೆಯ ತಂಡ 2012ರಿಂದ ಅದನ್ನೂ ನೋಡಿದೆ. ಆ ಆರು ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳು ಹದಿಹರೆಯಕ್ಕೆ ಬಂದಾಗ, ಹುಡುಗ ಹುಡುಗಿಯರಿಗೆ ದಿನಾ 2 ಮೈಕ್ರೋಗ್ರಾಂ ಬಿ12 ಕೊಡಲು ಶುರು ಮಾಡಿ, ಆ ಹುಡುಗಿಯರಿಗೆ ಮೊದಲ ಹೆರಿಗೆ ಆಗುವವರೆಗೆ ಮುಂದುವರಿಸಿದರು. ಕೂಸಿನ ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಬಿ12 ಏರಿದ್ದು ಕಂಡಿತು. ಒಂದೇ ಊರಿನಲ್ಲಿ ಕೂತು ಅಜ್ಜಿ, ಅವ್ವ, ಕೂಸು, ಮೂರೂ ತಲೆಮಾರು ನೋಡುವಷ್ಟು ತಾಳ್ಮೆ ಇದ್ದವರು ಅವರು. ನೀಲಿ ಗುಳಿಗೆಯಲ್ಲಿ ಬಿ12 ಸೇರಿಸಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ, ನಮ್ಮ ಕಡೆಯಂಥ ಜಿಲ್ಲೆಗಳಲ್ಲಿ ಮೊದಲು.

ಮೊನ್ನೆ ಗುಳಿಗೆ ಕೊಡುವಾಗ ಪ್ರಥಮ ಪಿಯುದ ಒಬ್ಬಳು ಕೇಳಿದಳು. "ಮೇಡಂ, ನಾ ಡಿಗ್ರಿ ಮುಗಿಸಿ ಕೆಲಸಕ್ಕ ಸೇರಿದ ಮ್ಯಾಲೇ ಮದುವಿ ಆಗಾಕಿ. ಈಗ ತಿಂದದ್ದು ಅಲ್ಲಿತನಕ ಉಳಿತೈತೇನ್ರಿ?" ಒಳ್ಳೆಯ ಪ್ರಶ್ನೆ. ಫೋಲೇಟ್ ಕೆಲವೇ ತಿಂಗಳಲ್ಲಿ ಖರ್ಚಾಗುತ್ತದೆ, ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಅಂತ ಬೋರ್ಡಿನ ಮೇಲೆ ಲಿವರ್ ಚಿತ್ರ ತೆಗೆದು ವಿವರಿಸಿದೆ. ಹಾಗಾದರೆ ಮೊಸರು ಇವತ್ತಿನಿಂದಲೇ, ಸೊಪ್ಪು ಯಾವಾಗಲೂ ಅಂತ ಅವಳೇ ಲೆಕ್ಕ ಹಾಕಿದಳು. ಮನೆಯಲ್ಲಿ ಮೊಸರು ಕೇಳಿದರೆ ಅವ್ವ ಏನಂತಾಳೋ ಅಂತ ಪಕ್ಕದವಳು ಅಂದಳು. ಮುಂದಿನ ತಿಂಗಳ ಪಾಲಕರ ಸಭೆಗೆ ಅವ್ವಂದಿರ ಜೊತೆ ಅಪ್ಪಂದಿರೂ ಬರಬೇಕು ಅಂತ ಚೀಟಿ ಬರೆದು ಕಳಿಸಿದ್ದೇನೆ.